ಅಲ್ಮಾರಿಯೊಳಗೆ ಮೊಳೆತ ಹೆಸರುಕಾಳು

ಎರಡು ಸಾವಿರದ ಐದೋ ಆರೋ ಇರಬೇಕು. ದೆಹಲಿಯ ಮುನಿರ್ಕಾದ ಹತ್ತಿರ ಒಂದು ಖಾಸಗಿ ಶಾಲೆಯಲ್ಲಿ ಮೂರನೇ ತರಗತಿಗೆ ಪರಿಸರ ಅಧ್ಯಯನ ಕಲಿಸುತ್ತಿದ್ದೆ. ನೌಕರಿ ಇನ್ನೂ ಖಾಯಂ ಆಗಿರಲಿಲ್ಲ. ಆ ವರ್ಷ ನಮ್ಮ ಪ್ರಿನ್ಸಿಪಾಲರಿಗೆ ಇದ್ದಕ್ಕಿದ್ದಂತೆ ವಿಜ್ಞಾನದ ಮೇಲೆ ಪ್ರೀತಿ ಉಕ್ಕಿತು. ಟೈ ಕಟ್ಟಿದ ಒಬ್ಬ ತಜ್ಞರನ್ನು ಕರೆಸಿದರು. ಮಕ್ಕಳಿಗೆ ಉತ್ತರ ಹೇಳಬೇಡಿ, ಅವರೇ ನೋಡಲಿ, ನೋಡಿದ್ದರಿಂದ ಅವರೇ ತೀರ್ಮಾನಕ್ಕೆ ಬರಲಿ ಎಂದು ಆತ ಎರಡು ಗಂಟೆ ಕೊರೆದರು. ನಾವು ಒಂದೂ ಪ್ರಶ್ನೆ ಕೇಳದೆ ಎಲ್ಲವನ್ನೂ ಬರೆದುಕೊಂಡೆವು.

ಮರುವಾರ ಪ್ರತಿ ಮಗುವಿಗೂ ಒಂದು ಫೈಲು ಬಂತು. ಅದರಲ್ಲಿ ಏನು ಮಾಡಿದೆವು, ಏನು ಕಂಡೆವು, ಏನು ತಿಳಿಯಿತು ಎಂದು ಮೂರು ಖಾನೆ. ಮೂರನ್ನೂ ನಾನು ಬೋರ್ಡಿನ ಮೇಲೆ ಬರೆದು ನಕಲು ಮಾಡಿಸಬೇಕು, ಪ್ರಯೋಗ ಆಮೇಲೆ. ಇಲ್ಲದಿದ್ದರೆ ಪೋಷಕರ ಸಭೆಯಲ್ಲಿ ಫೈಲುಗಳು ಒಂದೊಂದು ಥರ ಕಾಣುತ್ತವಲ್ಲ! ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವ ಈ ವಿಜ್ಞಾನಕ್ಕೆ ನಾವೆಲ್ಲ ಕೋಲೆಬಸವನ ಹಾಗೆ ತಲೆಯಾಡಿಸಿದೆವು.

ಮೊದಲ ಪ್ರಯೋಗ ಹೆಸರುಕಾಳಿನದು. ಒದ್ದೆ ಹತ್ತಿಯ ಮೇಲೆ ಕಾಳು ಹರಡಿದ ಎರಡು ಬಟ್ಟಲು. ಒಂದು ಕಿಟಕಿಯಲ್ಲಿ, ಇನ್ನೊಂದು ಕಬ್ಬಿಣದ ಅಲ್ಮಾರಿಯೊಳಗೆ. ಬೆಳಕಿಲ್ಲದೆ ಬೀಜ ಮೊಳೆಯುವುದಿಲ್ಲ ಎಂದು ಮಕ್ಕಳು ಆಗಲೇ ದುಂಡಗೆ ಬರೆದು ಮುಗಿಸಿದ್ದರು. ನಾಲ್ಕನೇ ದಿನ ಅಲ್ಮಾರಿ ತೆರೆದರೆ ಒಳಗಿನ ಕಾಳು ಬಿಳಿಚಿಕೊಂಡು, ಕಿಟಕಿಯ ಕಾಳಿಗಿಂತ ಒಂದು ಗೇಣು ಮುಂದೆ ಎನ್ನುವಂತೆ ಉದ್ದಕ್ಕೆ ಮೊಳೆತು ನಿಂತಿತ್ತು. ಮಕ್ಕಳು ಸಾಲಾಗಿ ಬಂದು ಇಣುಕಿದರು, ಹೋಗಿ ಕೂತರು. ಯಾರಿಗೂ ಏನೂ ಅನ್ನಿಸಿದಂತೆ ಕಾಣಲಿಲ್ಲ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅನ್ನುತ್ತಾರೆ. ನಮ್ಮ ಶಾಲೆಯಲ್ಲಿ ಪ್ರತ್ಯಕ್ಷ ಕಂಡದ್ದನ್ನೇ ಕಾಣದಿರುವ ಅಭ್ಯಾಸ ಮಾಡಿಸುತ್ತಿದ್ದೆವು.

ಒಬ್ಬಳು ಮಾತ್ರ ರಬ್ಬರು ತೆಗೆದುಕೊಂಡಳು. ಗಂಡನಿಗೆ ಸಿಕ್ಕಿದ್ದ ನಮ್ಮ ಸರ್ಕಾರಿ ಕ್ವಾರ್ಟರ್ಸ್‌ನ ಮೇಲಿನ ಮನೆಯ ಹುಡುಗಿ, ಮೈಸೂರಿನ ಕಡೆಯ ಗುಮಾಸ್ತರೊಬ್ಬರ ಮಗಳು. ಹಾಳೆ ಹರಿಯುವಷ್ಟು ಉಜ್ಜಿ, ಕತ್ತಲೆಯಲ್ಲೂ ಮೊಳೆಯಿತು, ಜಾಸ್ತಿ ಉದ್ದ ಇದೆ ಎಂದು ಬರೆದಳು. ಇಡೀ ತರಗತಿಯಲ್ಲಿ ವಿಜ್ಞಾನ ಮಾಡಿದವಳು ಅವಳೊಬ್ಬಳೇ. ಫೈಲು ತಿರುವಿದ ಪ್ರಿನ್ಸಿಪಾಲರು ಈ ಮಗು ಬೋರ್ಡು ನೋಡಿ ಬರೆಯುವುದನ್ನು ಕಲಿತಿಲ್ಲವೇ ಎಂದು ನನ್ನನ್ನು ಕೇಳಿದರು. ಖಾಯಂ ಆಗುವ ಪಟ್ಟಿ ಅವರ ಮೇಜಿನ ಮೇಲೇ ಇತ್ತು. ನಾನು ಕೆಂಪು ಪೆನ್ನಿನಲ್ಲಿ ಅವಳ ಉತ್ತರದ ಮೇಲೆ ಕಾಟು ಹಾಕಿದೆ.

ಫೈಲು ಹಿಡಿದುಕೊಂಡು ಅವಳು ನನ್ನ ಮೇಜಿನ ಬಳಿ ಬಂದಳು. ಶಾಲೆಯಲ್ಲಿ ಮ್ಯಾಮ್ ಅನ್ನಬೇಕೆಂಬುದೂ ಮರೆತಿತ್ತು.

"ಆಂಟಿ, ನೀವೂ ನೋಡಿದ್ರಲ್ಲ?"

ಬೋರ್ಡಿನಲ್ಲಿ ಇದ್ದದ್ದನ್ನು ಬರಿ, ಹೋಗು ಎಂದೆ.

ಆ ಸಂಜೆ ಪಲ್ಯ ಮಾಡಲು ಅಡುಗೆಮನೆಯಲ್ಲಿ ಸ್ಟೀಲಿನ ಡಬ್ಬದ ಮುಚ್ಚಳ ತೆಗೆದೆ. ಬಟ್ಟೆಯಲ್ಲಿ ಬಿಗಿಯಾಗಿ ಕಟ್ಟಿ ನಾನೇ ಮುಚ್ಚಿಟ್ಟಿದ್ದ ಹೆಸರುಕಾಳು, ಒಂದೂ ಬಿಡದಂತೆ ಮೊಳೆತಿತ್ತು. ಮದುವೆಯಾದಂದಿನಿಂದ ವಾರಕ್ಕೊಮ್ಮೆ ಹಾಗೆ ಕತ್ತಲೆಯಲ್ಲೇ ಮೊಳಕೆ ಬರಿಸುತ್ತಿದ್ದವಳು ನಾನು. ಬಿ.ಎಡ್. ಮಾಡಿದ್ದಕ್ಕೆ ಸಾರ್ಥಕವಾಯಿತು! ನನ್ನೊಳಗಿನ ಅಡುಗೆಯವಳಿಗೆ ಗೊತ್ತಿದ್ದದ್ದು ಟೀಚರಿಗೆ ಗೊತ್ತಿರಲಿಲ್ಲ. ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಏಪ್ರಿಲ್‌ನಲ್ಲಿ ನಾನು ಖಾಯಂ ಆದೆ. ಬೇಸಿಗೆ ರಜೆಯಲ್ಲಿ ಒಂದು ಮಧ್ಯಾಹ್ನ ಅವಳನ್ನು ಮನೆಗೆ ಕರೆದೆ. ತಪ್ಪು ತಿದ್ದಿಕೊಳ್ಳುವ ಆಸೆ, ಅಷ್ಟೇ. ಕ್ಷಮೆ ಕೇಳುವ ಧೈರ್ಯ ಮಾತ್ರ ಇರಲಿಲ್ಲ. ಬಕೆಟ್ಟಿನಲ್ಲಿ ನೀರು ತುಂಬಿ, ನಿಂಬೆಹಣ್ಣು, ಚಮಚ, ಬೆಂಡೆಕಾಯಿ ಮುಂದಿಟ್ಟೆ. ಯಾವುದು ಮುಳುಗುತ್ತದೆ, ಯಾವುದು ತೇಲುತ್ತದೆ, ನೀನೇ ಹಾಕಿ ನೋಡಿ ಬರಿ ಎಂದೆ.

ಅವಳು ಬಕೆಟ್ಟಿನ ಕಡೆ ನೋಡಲೂ ಇಲ್ಲ. ಪೆನ್ಸಿಲ್ ಹಿಡಿದು, ಕಾಗದ ತೊಡೆಯ ಮೇಲಿಟ್ಟುಕೊಂಡು ನನ್ನ ಮುಖವನ್ನೇ ನೋಡುತ್ತ ಕೂತಳು.

"ಪೆಹಲೇ ಆನ್ಸರ್ ಹೇಳಿಬಿಡಿ ಆಂಟಿ. ಆಮೇಲೆ ಹಾಕ್ತೀನಿ."