ನಾಲ್ಕು ಬೆರಳು, ಒಂದು ಪಿನ್ನು

ಅವರ ಬಲಗೈ ಹೆಬ್ಬೆರಳಿನ ತುದಿಯಲ್ಲಿ ಕಡಲೆಬೇಳೆಯಗಲದ ಒಂದು ಗುಳಿ ಇತ್ತು. ಸುತ್ತಲಿನ ಚರ್ಮ ದಪ್ಪಗಟ್ಟಿ ಹಳದಿಯಾಗಿತ್ತು. ಒಲೆಯ ಹತ್ತಿರ ಸುಟ್ಟುಕೊಂಡಿರಬೇಕು ಎಂದು ಮೊದಲು ಅಂದುಕೊಂಡಿದ್ದೆ. ಆಮೇಲೆ ತಿಳಿಯಿತು, ವರ್ಷಗಟ್ಟಲೆ ನೋಟಿಸ್ ಬೋರ್ಡಿಗೆ ಪಿನ್ನು ಒತ್ತಿ ಒತ್ತಿ ಬಿದ್ದ ಗುಳಿ ಅದು.

ವಿಶಾಖಪಟ್ಟಣದಲ್ಲಿ ನಾನು ಓದಿದ ವಿಶ್ವವಿದ್ಯಾಲಯದ ವಿಜ್ಞಾನ ಕಟ್ಟಡದಲ್ಲಿ ಅವರು ಗುಮಾಸ್ತೆ. ಟಪಾಲು, ಸೀಲು, ಹಾಜರಿ ಪುಸ್ತಕ ಎಲ್ಲ ಅವರ ಮೇಜಿನ ಮೇಲೆಯೇ ಇದ್ದರೂ ಕ್ಯಾಂಪಸ್ಸಿಗೆಲ್ಲ ಅವರು ‘ಬೋರ್ಡಮ್ಮ’. ಬೇಸಿಗೆ ತರಬೇತಿ, ಸಂಶೋಧನೆಗೆ ಅವಕಾಶ, ಗ್ರಂಥಾಲಯದ ಹೊಸ ಸಮಯ, ಹಾಸ್ಟೆಲಿನ ನೀರಿನ ಟ್ಯಾಂಕು ತೊಳೆಯುವ ದಿನ, ಬಸ್ಸಿನ ಬದಲಾದ ದಾರಿ, ಯಾವುದೇ ಇರಲಿ, ಮೆಟ್ಟಿಲ ಬಳಿಯ ಆ ಹಸಿರು ಬಟ್ಟೆಯ ಬೋರ್ಡಿಗೆ ಏರುವುದು ಅವರ ಹೆಬ್ಬೆರಳಿನಿಂದಲೇ. ಇದೆಲ್ಲ ಮೊಬೈಲಿಗೂ ಬರುತ್ತಿತ್ತು. ಬರದೆ ಏನು? ಬಂದದ್ದನ್ನು ತೆರೆದು ಓದಿದ ಪುಣ್ಯಾತ್ಮರು ಯಾರು? ಗುಂಪಿನಲ್ಲಿ ಹುಟ್ಟುಹಬ್ಬದ ಹಾರೈಕೆಗಳ ರಾಶಿಯಡಿ ಪಾಪದ ನೋಟಿಸು ಉಸಿರುಗಟ್ಟಿ ಬಿದ್ದಿರುತ್ತಿತ್ತು.

ಅವರದ್ದೊಂದು ಪದ್ಧತಿ ಇತ್ತು. ಯಾವ ನೋಟಿಸೇ ಬರಲಿ, ಅದನ್ನು ಹಿಡಿದುಕೊಂಡು ನೇರ ಮೆಟ್ಟಿಲ ಕೆಳಗೆ ಚಹಾ ಮಾರುವ ಹೆಂಗಸಿನ ಹತ್ತಿರ ಹೋಗುವುದು. ನಾವೆಲ್ಲ ಆಕೆಯನ್ನು ಟೀ ಅಕ್ಕ ಅನ್ನುತ್ತಿದ್ದೆವು. ನಾಲ್ಕನೇ ಇಯತ್ತೆ ದಾಟಿದವರಲ್ಲ. ಬೋರ್ಡಮ್ಮ ನೋಟಿಸನ್ನು ತೆಲುಗಿನಲ್ಲಿ ಗಟ್ಟಿಯಾಗಿ ಓದಿ ಹೇಳಿ, ನಾಲ್ಕು ಬೆರಳು ಮಡಚಿ ಕೈ ಮುಂದೆ ಹಿಡಿಯುತ್ತಿದ್ದರು. ಯಾರಿಗೆ, ಏನು, ಯಾವಾಗ, ಎಲ್ಲಿ? ಟೀ ಅಕ್ಕ ಸರಿಯಾಗಿ ಉತ್ತರಿಸಿದಂತೆ ಒಂದೊಂದೇ ಬೆರಳು ಬಿಚ್ಚುವುದು. ನಾಲ್ಕೂ ಬಿಚ್ಚಿದರೆ ಹೆಬ್ಬೆರಳಿಗೆ ಕೆಲಸ, ಪಿನ್ನು ಬೋರ್ಡಿಗೆ. ಒಂದು ಬೆರಳು ಮಡಚಿಯೇ ಉಳಿದರೂ ನೋಟಿಸು ಬರೆದವರ ಮೇಜಿಗೆ ವಾಪಸು, ಬರೆದವರು ಎಷ್ಟೇ ದೊಡ್ಡವರಿರಲಿ.

ಒಬ್ಬ ಪ್ರೊಫೆಸರರು ಒಮ್ಮೆ ಕೆಂಡಾಮಂಡಲವಾಗಿ ಬಂದರು. “ಇದು ಸಂಶೋಧನೆಯ ನೋಟಿಸು ಅಂಡಿ. ಚಹಾ ಮಾಡುವವಳಿಗೆ ಯಾಕೆ ಅರ್ಥವಾಗಬೇಕು?” ತೆಲುಗಿನ ಮರ್ಯಾದೆಯ ‘ಅಂಡಿ’ ಇದ್ದರೂ ಮಾತು ಕಿಡಿಯಂತಿತ್ತು.

ಬೋರ್ಡಮ್ಮ ಎದ್ದು ನಿಂತು ಬಹಳ ಮರ್ಯಾದೆಯಿಂದಲೇ ಹೇಳಿದರು. “ಸಂಶೋಧನೆ ಆಕೆಗೆ ಅರ್ಥ ಆಗೋದು ಬೇಡ ಸರ್. ಯಾವ ದಿನ ಯಾವ ಬಾಗಿಲಿಗೆ ಹೋಗಬೇಕು ಅನ್ನೋದು ಅರ್ಥ ಆಗಲಿ. ಅದು ಆಕೆಗೇ ತಿಳಿದರೆ ನಿಮ್ಮ ಹುಡುಗರಿಗೂ ತಿಳಿಯುತ್ತದೆ.” ಪ್ರೊಫೆಸರರು ಗೊಣಗುತ್ತಾ ಹೋದರು. ಮಧ್ಯಾಹ್ನ ಹೊಸ ಕಾಗದ ಬಂತು.

ನನಗೆ ಬೋರ್ಡಮ್ಮನ ಪರಿಚಯವಾದದ್ದು ಬೈಗುಳದಿಂದ. ನನ್ನಪ್ಪ ಬಳ್ಳಾರಿಯವರು, ಬಂದರಿನಲ್ಲಿ ಸರಕಿನ ಲೆಕ್ಕ ಬರೆಯುವ ಕೆಲಸ; ಅಮ್ಮ ಇಲ್ಲಿಯವಳೇ. ನನಗೆ ತೆಲುಗೇ ಸಲೀಸು. ಕನ್ನಡ ಅಪ್ಪನ ಜೊತೆ ಮಾತಾಡುವುದಕ್ಕೆ ಮತ್ತು ಯಾರಿಗೂ ತಿಳಿಯದಂತೆ ಬೈಯುವುದಕ್ಕೆ ಮಾತ್ರ. ಮೊದಲ ವರ್ಷ ಬೋರ್ಡಿನ ಮುಂದೆ ನಿಂತು, ಬೇಸಿಗೆ ತರಬೇತಿಯ ಅವಧಿ ಮುಗಿದೇ ಹೋದದ್ದು ಕಂಡು, “ಥೂ, ಹಾಳಾಗಿ ಹೋಗ್ಲಿ” ಎಂದೆ. ಹಿಂದಿನಿಂದ ಧ್ವನಿ ಬಂತು.

“ಯಾರವಾ ಅದು, ಕನ್ನಡದಾಗ ಬೈಯಾಕತ್ತಿದ್ದು?”

ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಅವರು ಮಾತ್ರ ಮುಖವೆಲ್ಲ ಅರಳಿಸಿಕೊಂಡು ಬಂದು ನನ್ನ ಕೈ ಹಿಡಿದರು. “ನಮ್ಮದು ಧಾರವಾಡದ ಕಡೆ. ಮದಿವ್ಯಾಗಿ ಅನಕಾಪಲ್ಲಿಗೆ ಬಂದು ಬಹಳ ವರ್ಷಾತು. ಮನ್ಯಾಗ ಎಲ್ಲಾರದೂ ತೆಲುಗು. ಗೋಡಿ ಬಿಟ್ರ ನನ್ನ ಕನ್ನಡ ಕೇಳವರು ಯಾರೂ ಇಲ್ಲ. ಬೈ, ಇನ್ನೊಂದೀಟು ಬೈ.”

ಅಂದಿನಿಂದ ಬಿಡುವಿದ್ದಾಗಲೆಲ್ಲ ಅವರ ಮೇಜಿನ ಪಕ್ಕದ ಸ್ಟೂಲು ನನ್ನದು. ಪಿನ್ನಿನ ಡಬ್ಬಿ ಹಿಡಿಯುವುದು, ಹಳೆಯ ನೋಟಿಸು ಕೀಳುವುದು, ಅವರ ಮಾತು ಕೇಳುವುದು. ಗಂಡನ ಮನೆಯವರದು ಬೆಲ್ಲದ ವ್ಯಾಪಾರ. ಸ್ಟೀಲಿನ ಡಬ್ಬಿಯಲ್ಲಿ ಸದಾ ಬೆಲ್ಲದ ಚೂರುಗಳಿರುತ್ತಿದ್ದವು. ಆಯ್ಕೆಯ ಪಟ್ಟಿ ಹಚ್ಚಿದ ದಿನ ಹೆಸರು ಬಂದವರಿಗೂ ಒಂದು ಚೂರು, ಬಾರದವರಿಗೂ ಒಂದು ಚೂರು. ಬಾರದವರ ಚೂರು ತುಸು ದೊಡ್ಡದಿರುತ್ತಿತ್ತು. ಅದನ್ನು ನಾನು ಎರಡನೇ ವರ್ಷ ತಿಂದೇ ತಿಳಿದುಕೊಂಡೆ.

ಹೌದು, ಎರಡನೇ ವರ್ಷ ಅರ್ಜಿ ಹಾಕಿ ಸೋತಿದ್ದೆ. ವಿಜಯವಾಡದ ಸಂಶೋಧನಾ ಕೇಂದ್ರವೊಂದು ಪ್ರತಿ ಬೇಸಿಗೆ ಎರಡು ತಿಂಗಳು ಪದವಿ ವಿದ್ಯಾರ್ಥಿಗಳನ್ನು ಕರೆಸಿಕೊಂಡು ಕಾಲುವೆ ನೀರಿನ ಮೇಲೆ ಕೆಲಸ ಕಲಿಸುತ್ತಿತ್ತು. ಪದವಿ ಮುಗಿದ ಮೇಲೆ ಆ ತರಬೇತಿಗೆ ಪ್ರವೇಶವಿಲ್ಲ. ಬಂದರಿನ ಮಗಳು ನಾನು. ಕಪ್ಪು ನೀರು, ಅದರ ಮೇಲೆ ತೇಲುವ ಎಣ್ಣೆ, ಹೊಟ್ಟೆ ಮೇಲಾಗಿ ಬೀಳುವ ಮೀನು ಇವನ್ನೇ ನೋಡುತ್ತ ಬೆಳೆದವಳು. ಆ ನೀರಿಗೆ ಏನಾಗಿದೆ ಎಂದು ಕಂಡುಹಿಡಿಯುವ ಜಾಗವೊಂದಿದೆ ಎಂದು ತಿಳಿದಂದಿನಿಂದ ನನಗೆ ಬೇರೆ ಆಸೆಯೇ ಇರಲಿಲ್ಲ. ಮೂರನೇ ವರ್ಷ ಕೊನೆಯ ಅವಕಾಶ. ಆದರೆ ಆ ಸಲದ ನೋಟಿಸಿನಲ್ಲಿ ಹೊಸ ಸಾಲೊಂದಿತ್ತು: ‘ಪ್ರಥಮ ದರ್ಜೆ ಅಪೇಕ್ಷಣೀಯ’. ನನ್ನದು ಎರಡನೇ ದರ್ಜೆ. ಯಾರಿಗೂ ಹೇಳದೆ, ಕಣ್ಣೊರೆಸಿಕೊಂಡು ಸುಮ್ಮನಾಗಿಬಿಟ್ಟೆ.

ಅದೇ ವಾರದ ಗುರುವಾರ ಬೆಳಿಗ್ಗೆ ಬೋರ್ಡಮ್ಮನ ಕೈಗೆ ಇನ್ನೊಂದು ಕಾಗದ ಬಂತು. ಕಂಪ್ಯೂಟರ್ ವಿಭಾಗದ್ದು. ವಿಶ್ವವಿದ್ಯಾಲಯದ ಜಾಲತಾಣ ಅಂದು ಸಂಜೆ ನಾಲ್ಕರಿಂದ ಸೋಮವಾರ ಬೆಳಗಿನವರೆಗೆ ದುರಸ್ತಿಗಾಗಿ ಬಂದ್. ಅವರು ಎಂದಿನಂತೆ ಟೀ ಅಕ್ಕನಿಗೆ ಓದಿದರು. ನಾಲ್ಕೂ ಬೆರಳು ಬಿಚ್ಚಿದವು. ಪಿನ್ನು ತೆಗೆದುಕೊಳ್ಳಲು ನನ್ನತ್ತ ಕೈ ಚಾಚಿದರು.

ಟೀ ಅಕ್ಕ ಸೌಟು ಹಿಡಿದೇ ಕೇಳಿದರು. “ಅಮ್ಮಾ, ಮೊನ್ನೆ ವಿಜಯವಾಡದ್ದು ಓದಿದಿರಿ ಕದಾ? ಶನಿವಾರದೊಳಗೆ ಅದರಲ್ಲೇ ಅರ್ಜಿ ಕಳಿಸಬೇಕು ಅಂದಿರಿ. ಅಂಗಡಿಯೇ ಮುಚ್ಚಿದ್ದರೆ ಮಕ್ಕಳು ಕೊಡೋದು ಯಾರಿಗೆ?”

ಬೋರ್ಡಮ್ಮನ ಕೈ ಅಲ್ಲೇ ನಿಂತಿತು. ಎರಡು ವಿಭಾಗ, ಎರಡು ಕಾಗದ. ಇವರು ಬರೆದದ್ದು ಅವರಿಗೆ ಗೊತ್ತಿಲ್ಲ, ಅವರು ಬರೆದದ್ದು ಇವರಿಗೆ ಗೊತ್ತಿಲ್ಲ. ಎರಡನ್ನೂ ಕೇಳಿಸಿಕೊಂಡದ್ದು ಇಡೀ ಕ್ಯಾಂಪಸ್ಸಿನಲ್ಲಿ ಟೀ ಅಕ್ಕ ಒಬ್ಬರೇ. ಆಗ ಗಂಟೆ ಹನ್ನೊಂದು.

ಫೋನು ಮಾಡಿದರು. ಕಂಪ್ಯೂಟರ್ ವಿಭಾಗದವರು, ಕೆಲಸಗಾರರು ಬಂದಾಗಿದೆ, ನಿಲ್ಲಿಸಲಾಗದು ಅಂದರು. ವಿಜಯವಾಡದವರು, ಪತ್ರ ಬರೆಯಿರಿ, ಸೋಮವಾರ ನೋಡೋಣ ಅಂದರು. ಬೋರ್ಡಮ್ಮ ರಿಸೀವರು ಇಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿದರು. ಹಳೆಯ ನೋಟಿಸಿನ ಬೆನ್ನಿಗೆ ಕೆಂಪು ಶಾಯಿಯಲ್ಲಿ ‘ವಿಜಯವಾಡಕ್ಕೆ ಅರ್ಜಿ: ಇವತ್ತೇ, ನಾಲ್ಕರೊಳಗೆ’ ಎಂದು ಬರೆದು ಹಚ್ಚಿದರು. ನನ್ನನ್ನು ಹಾಸ್ಟೆಲಿಗೂ ಗ್ರಂಥಾಲಯಕ್ಕೂ ಓಡಿಸಿದರು. ನಾನು ಊಟದ ಸಾಲಿನಲ್ಲಿದ್ದವರನ್ನೂ ಬಿಡದೆ ಕೂಗಿ ಕರೆದೆ. ಮುಕ್ಕಾಲು ಗಂಟೆಯಲ್ಲಿ ಹತ್ತೊಂಬತ್ತು ಅರ್ಜಿ ಸೇರಿದವು.

ಇನ್ನೊಂದು ಗ್ರಹಚಾರ ಕಾದಿತ್ತು. ಪ್ರತಿ ಅರ್ಜಿಗೂ ವಿಭಾಗದ ಮುಖ್ಯಸ್ಥರ ಸಹಿ ಬೇಕು, ಸಹಿಯಾದ ಹಾಳೆಯನ್ನೇ ಜಾಲತಾಣಕ್ಕೆ ಏರಿಸಬೇಕು. ಮುಖ್ಯಸ್ಥರೋ, ಸಭೆಗೆಂದು ಮಧ್ಯಾಹ್ನದ ರೈಲು ಹಿಡಿಯಲು ಆಗಲೇ ಹೊರಟುಹೋಗಿದ್ದರು.

“ನಡೀ” ಅಂದರು ಬೋರ್ಡಮ್ಮ. ಸೀಲು, ಶಾಯಿಪ್ಯಾಡು, ಹಾಜರಿ ಪುಸ್ತಕ, ಎರಡೂ ನೋಟಿಸು, ಅರ್ಜಿಗಳ ಕಟ್ಟು, ಒಂದೆರಡು ಖಾಲಿ ಅರ್ಜಿ ಚೀಲಕ್ಕೆ ಹಾಕಿ ಆಟೋ ಹತ್ತಿದೆವು. ದ್ವಾರಕಾ ನಗರದ ಹತ್ತಿರ ವಾಹನಗಳ ಜಾತ್ರೆ. ಆಟೋ ತೆವಳುತ್ತಿತ್ತು. ಬೋರ್ಡಮ್ಮ ಅರ್ಜಿಗಳನ್ನು ಒಂದೊಂದಾಗಿ ತಿರುವಿ ಹಾಕಿ, ತಟ್ಟನೆ ತಲೆ ಎತ್ತಿದರು.

“ನಿಂದೆಲ್ಲಿ?”

ನಾನು ಆಟೋದ ಹೊರಗೆ ನೋಡಿದೆ. “ನಂದು ಎರಡನೇ ದರ್ಜೆ. ಅವ್ರು ಫಸ್ಟ್ ಕ್ಲಾಸ್ ಕೇಳ್ಯಾರೆ.”

“ಎಲ್ಲಿ ಕೇಳ್ಯಾರ? ಓದಿ ತೋರಸು.”

ಓದಿದೆ. ಅವರಿಗೆ ಎಲ್ಲಿತ್ತೋ ಸಿಟ್ಟು! “ಅಪೇಕ್ಷಣೀಯ ಅಂದ್ರ ಇದ್ರ ಚಲೋ ಅಂದಂಗ. ಇಲ್ದಿದ್ರ ಬರಬ್ಯಾಡ್ರಿ ಅಂತ ಎಲ್ಲಿ ಬರದಾರ? ಮೂರು ವರ್ಷ ನನ್ನ ಬಾಜೂಕ ಕುಂತು ಪಿನ್ನಿನ ಡಬ್ಬಿ ಹಿಡದಿ, ಒಂದು ನೋಟಿಸು ನೆಟ್ಟಗ ಓದಾಕ ಕಲೀಲಿಲ್ಲಲ್ಲ! ಅವರು ಬಾಗಲಾ ಹಾಕಿಲ್ಲ, ನೀನ ಹೊರಗ ನಿಂತು ಚಿಲಕಾ ಹಾಕ್ಕೊಂಡೀದಿ.”

ಚೀಲದಿಂದ ಖಾಲಿ ಅರ್ಜಿಯೊಂದನ್ನು ತೆಗೆದು ನನ್ನ ತೊಡೆಯ ಮೇಲೆ ಬಡಿದರು. ಹಾಜರಿ ಪುಸ್ತಕವೇ ಮೇಜು. ಆಟೋ ಕುಲುಕಿದಾಗಲೆಲ್ಲ ಅಕ್ಷರ ಹಾರುತ್ತಿತ್ತು. ‘ಏಕೆ ಸೇರಬಯಸುತ್ತೀರಿ’ ಎಂಬಲ್ಲಿ ನಾನು ಬಂದರಿನ ನೀರಿನ ಬಗ್ಗೆ ಬರೆದೆ. ಅಳುತ್ತಲೇ ಬರೆದೆ ಅನ್ನಲು ನಾಚಿಕೆಯೇನಿಲ್ಲ.

ಮುಖ್ಯಸ್ಥರು ಪ್ಲಾಟ್‌ಫಾರ್ಮಿನಲ್ಲಿ ಸಿಕ್ಕರು. ರೈಲಿಗೆ ಇನ್ನೂ ಸ್ವಲ್ಪ ಹೊತ್ತಿತ್ತು. ನಮ್ಮನ್ನು ಕಂಡು ಗಾಬರಿಯಾದರು. ವಿಷಯ ಕೇಳಿ ನಕ್ಕುಬಿಟ್ಟರು. “ಶನಿವಾರದವರೆಗೆ ಸಮಯವಿದೆ ಅಂಡಿ. ನಾಳೆ ಸಂಜೆ ಹಿಂದಿರುಗುತ್ತೇನೆ. ಇಲ್ಲಿ, ಹೀಗೆ, ಇಪ್ಪತ್ತು ಸಹಿಯಾ?”

ಬೋರ್ಡಮ್ಮ ವಾದ ಮಾಡಲಿಲ್ಲ. ಪಕ್ಕದಲ್ಲಿ ನಿಂತಿದ್ದ ಕೆಂಪಂಗಿಯ ಕೂಲಿಯನ್ನು ಕರೆದರು. “ಬಾಬೂ, ಒಕ್ಕ ನಿಮಿಷಂ.” ಎರಡೂ ನೋಟಿಸನ್ನು ಅವನಿಗೆ ಓದಿ ಹೇಳಿ, ಮೂರನೇ ಬೆರಳು ಮಡಚಿ ಹಿಡಿದರು. “ಹೇಳಪ್ಪಾ, ಈ ಮಕ್ಕಳು ಅರ್ಜಿ ಯಾವಾಗ ಕಳಿಸಬೇಕು?”

ಕೂಲಿ ತಲೆ ಕೆರೆದುಕೊಂಡು, ಮುಖ್ಯಸ್ಥರ ಕಡೆಗೊಮ್ಮೆ ನೋಡಿ, “ಇವತ್ತೇ ಅಮ್ಮಾ. ನಾಲ್ಕರೊಳಗೆ” ಅಂದ.

ಬೆರಳು ಬಿಚ್ಚಿತು. ಮುಖ್ಯಸ್ಥರ ನಗು ನಿಂತಿತು. ಸೂಟ್‌ಕೇಸನ್ನು ಅಡ್ಡ ಮಲಗಿಸಿ ಅದರ ಮೇಲೇ ಸಹಿ ಹಾಕತೊಡಗಿದರು. ಬೋರ್ಡಮ್ಮ ಹಿಂದೆಯೇ ಟಪಟಪ ಸೀಲು ಒತ್ತಿದರು. ಕಟ್ಟಿನ ಕೊನೆಯಲ್ಲಿ ನನ್ನದು. “ಎರಡನೇ ದರ್ಜೆಯಾ?” ಎಂದು ಮುಖ್ಯಸ್ಥರು ಪೆನ್ನನ್ನು ಹಾಳೆಯಿಂದ ಮೇಲೆತ್ತಿ ಹಿಡಿದರು.

“ಇದ್ದರೆ ಒಳ್ಳೆಯದು ಅಂದಿದ್ದಾರೆ ಸರ್, ಇರಲೇಬೇಕು ಅಂದಿಲ್ಲ” ಎಂದೆ. ಬಾಯಿ ನನ್ನದು, ಮಾತು ಯಾರದೆಂದು ಹೇಳಬೇಕಿಲ್ಲ. ಅವರು ನಾನು ಬರೆದದ್ದನ್ನು ನಿಧಾನವಾಗಿ ಓದಿದರು. ಸಹಿ ಬಿತ್ತು.

ಮೂರಕ್ಕೆ ಕ್ಯಾಂಪಸ್ಸಿನಲ್ಲಿದ್ದೆವು. ಹುಡುಗರು ಸಾಲಾಗಿ ನಿಂತು ಒಂದೊಂದೇ ಅರ್ಜಿ ಏರಿಸಿದರು. ನನ್ನದು ಎಲ್ಲಕ್ಕಿಂತ ಕೊನೆಗೆ ಹೋಯಿತು. ಸ್ವಲ್ಪ ಹೊತ್ತಿನಲ್ಲಿ ಪರದೆ ಬೆಳ್ಳಗಾಯಿತು, ಜಾಲತಾಣ ಮುಚ್ಚಿತು. ಇಪ್ಪತ್ತು ಜನ ಒಟ್ಟಿಗೆ ಕೂಗಿದ ಕೂಗಿಗೆ ಮೇಲಿನ ಮಹಡಿಯ ಪ್ರಯೋಗಾಲಯದವರು ಇಳಿದು ಬಂದರು.

ಅದುವರೆಗೆ ನಮ್ಮ ಕಟ್ಟಡದಿಂದ ವರ್ಷಕ್ಕೊಬ್ಬರು ಹೋದರೆ ಹೆಚ್ಚು. ಆ ವರ್ಷ ಏಳು ಜನ! ಪಟ್ಟಿ ಬಂದಾಗ ಬೋರ್ಡಮ್ಮ ಅದನ್ನೂ ಮೊದಲು ಟೀ ಅಕ್ಕನಿಗೇ ಓದಿದರು. ಏಳನೆಯ ಹೆಸರು ನನ್ನದು. ಟೀ ಅಕ್ಕ ಹಾಕಿದ ಕೇಕೆಗೆ ಹಾಲು ಉಕ್ಕಿ ಒಲೆ ಆರಿತು. ಬೋರ್ಡಮ್ಮ ಅಂದು ಚೂರು ಹಂಚಲಿಲ್ಲ. ಅನಕಾಪಲ್ಲಿಯಿಂದ ಬೆಲ್ಲದ ಇಡೀ ಅಚ್ಚು ತರಿಸಿ, ಪೇಪರ್‌ವೇಟಿನಿಂದ ಕುಟ್ಟಿ, ದಾರಿಯಲ್ಲಿ ಹೋಗುವವರನ್ನೆಲ್ಲ ಕರೆದು ಬಾಯಿಗಿಟ್ಟರು. ಪ್ರೊಫೆಸರರೂ ತಿಂದರು, ನೆಲ ಒರೆಸುವವರೂ ತಿಂದರು. ನನಗೆ ಕೊಡುವಾಗ, “ಹೋದ ವರ್ಷದ್ದಕ್ಕಿಂತ ಸಣ್ಣದು ಕೊಟ್ಟೀನಿ ನೋಡು” ಅಂದು ಕಣ್ಣು ಒರೆಸಿಕೊಂಡರು.

ವಿಜಯವಾಡದ ಆ ಎರಡು ತಿಂಗಳ ಬಿಸಿಲನ್ನು ನಾನು ಇಂದಿಗೂ ಹಬ್ಬದಂತೆ ನೆನೆಯುತ್ತೇನೆ. ಕಾಲುವೆಯ ನೀರನ್ನು ಬಾಟಲಿಗೆ ತುಂಬುವುದು, ಚೀಟಿ ಅಂಟಿಸುವುದು, ಮಸೂರದಡಿ ಇಟ್ಟು ನೋಡುವುದು. ಅಲ್ಲಿಂದ ಮುಂದಿನ ಓದು, ಆಮೇಲೆ ಅದೇ ಕೇಂದ್ರದಲ್ಲೇ ಕೆಲಸ. ನಾನೀಗ ಪರೀಕ್ಷಿಸುವ ನೀರಿನಲ್ಲಿ ನನ್ನಪ್ಪನ ಬಂದರಿನ ನೀರೂ ಇದೆ.

ಈ ವರ್ಷ ಬೇಸಿಗೆ ತರಬೇತಿಯ ಹೊಣೆ ನನ್ನ ಪಾಲಿಗೆ ಬಂತು. ಸಹೋದ್ಯೋಗಿಗಳು ‘ಪ್ರಥಮ ದರ್ಜೆ ಅಪೇಕ್ಷಣೀಯ’ ಎಂಬ ಸಾಲು ಇರಲಿ ಅಂದರು. ಇದ್ದರೆ ನಾನಿರುವುದಿಲ್ಲ ಅಂದೆ. ಆಟೋದ ಕತೆ ಹೇಳಿದೆ. ಸಾಲು ಹೋಯಿತು. ನೋಟಿಸು ಬರೆದು, ನಿವೃತ್ತರಾಗಿ ಅನಕಾಪಲ್ಲಿಯಲ್ಲಿರುವ ಬೋರ್ಡಮ್ಮನಿಗೆ ಫೋನಿನಲ್ಲಿ ಕಳಿಸಿದೆ. ಅವರು ಧ್ವನಿ ಕಳಿಸಿದರು: “ನಾಕನೇ ಬೆರಳು ಮಡಚೇ ಅದ. ಯಾವ ಗೇಟಿಗೆ ಬರಬೇಕು?” ತಿದ್ದಿ ಮತ್ತೆ ಕಳಿಸಿದೆ. “ಊಟ, ವಸತಿ ಯಾರದು? ಬಡವರ ಮಕ್ಕಳು ಮೊದ್ಲ ಅದನ್ನ ನೋಡ್ತಾರವಾ.” ಮೂರನೇ ಸಲ ಕಳಿಸಿದಾಗ ಬೈದೇಬಿಟ್ಟರು. “ನನಗ್ಯಾಕ ಕಳಸ್ತಿ? ನಾ ಓದಿದಾಕಿ. ನಿಮ್ಮ ಆಫೀಸಿನ್ಯಾಗ ಚಹಾ ಮಾಡವರು, ಬಾಗಲಾ ಕಾಯವರು ಯಾರೂ ಇಲ್ಲೇನು?”

ಇದ್ದರು. ಗೇಟಿನ ಕಾವಲುಗಾರರೊಬ್ಬರನ್ನು ಕೂರಿಸಿಕೊಂಡು ಓದಿದೆ. ನಾಲ್ಕು ಬೆರಳು ಮಡಚಿ ಹಿಡಿದಾಗ ಅವರು ಮೊದಲು ಬೆಪ್ಪಾದರು, ಆಮೇಲೆ ಒಂದೊಂದಾಗಿ ಎಲ್ಲ ಬಿಚ್ಚಿಸಿದರು. ಬೋರ್ಡಿಗೆ ನಾನೇ ಹೆಬ್ಬೆರಳಿನಿಂದ ಪಿನ್ನು ಒತ್ತಿದೆ. ಅಬ್ಬಾ, ಏನು ನೋವು! ಬೆರಳು ಬಾಯಲ್ಲಿಟ್ಟುಕೊಂಡು ತಿರುಗಿದರೆ ಕಾವಲುಗಾರರು ಇನ್ನೂ ಅಲ್ಲೇ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದರು.

“ಮೇಡಂ, ನನ್ನ ಮಗಳು ಡಿಗ್ರಿ ಎರಡನೇ ವರ್ಷ. ಅವಳದು ಎರಡನೇ ದರ್ಜೆ. ಅವಳೂ ಹಾಕಬಹುದಾ ಅಂಡಿ?”

ಹಾಕಬಹುದು ಎಂದು ಹೇಳಿ, ನಾನು ತಡೆಯಲಾರದೆ, ಅಲ್ಲಿಂದಲೇ ಬೋರ್ಡಮ್ಮನಿಗೆ ಫೋನು ಹಚ್ಚಿದೆ. ನಡೆದದ್ದನ್ನೆಲ್ಲ ಒಂದೇ ಉಸಿರಿನಲ್ಲಿ ಹೇಳಿದೆ. ನಿಮ್ಮ ಋಣ ದೊಡ್ಡದು ಎಂದೇನೋ ಹೇಳಹೊರಟೆ. ಅವರು ಬಿಡಲಿಲ್ಲ.

“ಅದೆಲ್ಲಾ ಆಮ್ಯಾಲೆ” ಅಂದರು. “ಫೋನ್ ಯಾಕ ಹಿಡಕೊಂಡು ನಿಂತಿ? ಮೊದ್ಲ ಆ ಹುಡಗಿ ಅಪ್ಪನ ಕೈಯಾಗ ಫಾರ್ಮ್ ಕೊಡು, ಹೋಗು.”