ಎಲ್ಲರ ಕಣ್ಣೂ ನನ್ನ ಗಂಟಲ ಮೇಲೆ

ನುಂಗುವುದೂ ಒಂದು ಕೆಲಸ ಅಂತ ನನಗೆ ಗೊತ್ತಾದದ್ದು ೨೦೧೬ರ ಚಳಿಗಾಲದಲ್ಲಿ, ಪರ್ತ್‌ನಲ್ಲಿ. ಗಂಟಲಿನ ಗಡ್ಡೆಗೆ ವಾರಗಟ್ಟಲೆ ರೇಡಿಯೇಷನ್ ಕೊಟ್ಟು ಮುಗಿಸಿದ್ದರು. ಗಡ್ಡೆ ಕರಗಿತು, ಜೊತೆಗೆ ನಾಲಿಗೆಯ ರುಚಿಯೂ ಹೋಯಿತು, ಬಾಯಿಯ ಪಸೆಯೂ ಆರಿತು. ಒಂದು ಚಮಚ ಗಂಜಿ ಇಳಿಯುವಷ್ಟರಲ್ಲಿ ಕಣ್ಣಲ್ಲಿ ನೀರು ಬರುತ್ತಿತ್ತು. ಡಾಕ್ಟರು ಮಾತ್ರ ನಗುನಗುತ್ತಲೇ ಹೇಳಿ ಕಳಿಸಿದ್ದರು: ಮುಂದಿನ ಸಲ ಬರುವಾಗ ತೂಕ ಇನ್ನೂ ಇಳಿದಿದ್ದರೆ ಹೊಟ್ಟೆಗೆ ಟ್ಯೂಬ್ ಹಾಕುತ್ತೇವೆ, ಊಟವೆಲ್ಲ ಅದರಲ್ಲೇ.

ಅದರಿಂದ ಎಷ್ಟೋ ಜನ ಚೇತರಿಸಿಕೊಂಡಿದ್ದಾರೆ ಎಂದು ನರ್ಸ್ ಸಮಾಧಾನ ಮಾಡಿದಳು. ಚೇತರಿಸಿಕೊಳ್ಳಲಿ ಮಹಾರಾಯ್ತಿ, ನನಗೆ ಬೇಡ ಎಂದರೆ ಬೇಡ. ಮನೆಗೆ ಬಂದ ಮೇಲೂ ಆ ಟ್ಯೂಬ್ ತಲೆಯಿಂದ ಹೋಗಲಿಲ್ಲ. ಕೂತಲ್ಲಿ ಕೂರಲಾಗದು, ನಿಂತಲ್ಲಿ ನಿಲ್ಲಲಾಗದು. ಊರಂಚಿನ ಎಲೆನ್‌ಬ್ರೂಕ್‌ನ ನಮ್ಮ ಮನೆಯಲ್ಲಿ ಅಡುಗೆಮನೆಯಿಂದ ಹಾಲ್‌ಗೆ, ಹಾಲ್‌ನಿಂದ ಹಿತ್ತಲಿಗೆ, ಅಲ್ಲಿಂದ ಮತ್ತೆ ಒಳಗೆ. ಬಟ್ಟೆ ಮಡಿಸಲು ಕೂತು ಅರ್ಧಕ್ಕೇ ಏಳುತ್ತಿದ್ದೆ. ಫ್ರಿಜ್ ತೆಗೆಯುತ್ತಿದ್ದೆ, ಯಾಕೆ ತೆಗೆದೆ ಅಂತ ಗೊತ್ತಾಗದೆ ಮುಚ್ಚುತ್ತಿದ್ದೆ.

ಮೈಸೂರಿನಿಂದ ಅಮ್ಮ ದಿನಾ ವಿಡಿಯೋ ಕಾಲ್ ಮಾಡುತ್ತಿದ್ದಳು. "ತಿಳಿಯಾಗಿ ಸಾರು ಮಾಡ್ಕೊಂಡು ಕುಡಿಯೇ, ಅದು ತಾನಾಗೇ ಇಳಿಯತ್ತೆ." ನಾವು ಎಡವಿದ್ದು ಅಲ್ಲೇ. ಹುಷಾರಿಲ್ಲದವರಿಗೆ ತೆಳ್ಳಗಿನ ಗಂಜಿ, ತಿಳಿಸಾರು, ನೀರುಮಜ್ಜಿಗೆ ಅಂತ ನಮ್ಮವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಸಾರಿನ ಎರಡನೇ ಗುಟುಕಿಗೇ ನೆತ್ತಿಗೆ ಹತ್ತಿತು. ಉಸಿರು ಸಿಗದೆ ಕೆಮ್ಮಿ ಕೆಮ್ಮಿ ಸಿಂಕಿನ ಮೇಲೆ ಬಗ್ಗಿಬಿಟ್ಟೆ. ಹೈಸ್ಕೂಲಿಗೆ ಹೋಗುವ ಮಗಳು ಕಿಟಾರನೆ ಕಿರುಚಿಕೊಂಡಳು. ನುಂಗುವುದನ್ನು ಕಲಿಸುವ ಥೆರಪಿಸ್ಟ್ ಆಮೇಲೆ ಬಿಡಿಸಿ ಹೇಳಿದಳು: ತೆಳ್ಳಗಿರುವುದು ಸರ್ರನೆ ಇಳಿದು ಉಸಿರಿನ ದಾರಿಗೆ ಹೋಗಿಬಿಡುತ್ತದೆ, ನಿನಗೆ ಬೇಕಾದದ್ದು ಗಟ್ಟಿಯಾಗಿ, ನುಣ್ಣಗೆ, ನಿಧಾನಕ್ಕೆ ಜಾರುವಂಥದ್ದು. ಕಾಳು, ಸಿಪ್ಪೆ, ನಾರು ಯಾವುದೂ ಕೂಡದು. ಗದ್ದ ಬಗ್ಗಿಸಿ ನುಂಗು.

ಅವತ್ತಿನಿಂದ ನಮ್ಮ ಯಜಮಾನರು ಸೌಟು ಹಿಡಿದರು. ಅವರು ಗಣಿ ಕಂಪನಿಯಲ್ಲಿ ಜಿಯಾಲಜಿಸ್ಟ್. ನನ್ನ ಸಲುವಾಗಿ ಗಣಿಗೆ ಹೋಗುವುದನ್ನು ನಿಲ್ಲಿಸಿ ಪರ್ತ್ ಸಿಟಿಯ ಆಫೀಸಿನಲ್ಲಿ ಕೂರುತ್ತಿದ್ದರು. ಸಂಜೆ ಬಂದವರೇ ಅನ್ನವನ್ನು ಮೆತ್ತಗೆ ಬೇಯಿಸಿ, ಮೊಸರಿನ ಜೊತೆ ಮಿಕ್ಸಿಗೆ ಹಾಕಿ, ಜರಡಿಯಲ್ಲಿ ಉಜ್ಜಿ ಉಜ್ಜಿ ಸೋಸುತ್ತಿದ್ದರು. ಒಗ್ಗರಣೆಯಿಲ್ಲದ ಮೊಸರನ್ನ ಅವರ ಲೆಕ್ಕದಲ್ಲಿ ಮೊಸರನ್ನವೇ ಅಲ್ಲ. ಸಾಸಿವೆ ಕಾಳೋ ನನ್ನ ಗಂಟಲಿಗೆ ಆಗದು. ಅದಕ್ಕೆ ತುಪ್ಪದಲ್ಲಿ ಸಾಸಿವೆ, ಇಂಗು, ಕರಿಬೇವು ಸಿಡಿಸಿ, ಅಷ್ಟನ್ನೂ ಸೋಸಿ ಎಸೆದು, ಬರೀ ತುಪ್ಪ ಬೆರೆಸುತ್ತಿದ್ದರು.

"ರುಚಿಯೇ ಗೊತ್ತಾಗದವಳಿಗೆ ಯಾಕ್ರೀ ಈ ಒಗ್ಗರಣೆ?" ಎಂದು ರೇಗುತ್ತಿದ್ದೆ.

"ಇರ್ಲಿ ಬಿಡೇ, ಘಮ ಆದ್ರೂ ಬರ್ಲಿ," ಎನ್ನುತ್ತಿದ್ದರು.

ಅಷ್ಟು ಮಾಡಿ ಬಟ್ಟಲನ್ನು ಟೇಬಲ್ ಮೇಲಿಟ್ಟು ಅಪ್ಪ ಮಗಳಿಬ್ಬರೂ ನನ್ನೆದುರು ಕೂರುತ್ತಿದ್ದರು. ಶುರುವಾಯಿತಲ್ಲ ನನ್ನ ಗ್ರಹಚಾರ! ನಾನು ಚಮಚ ಎತ್ತಿದರೆ ನಾಲ್ಕು ಕಣ್ಣುಗಳೂ ಚಮಚದ ಜೊತೆ ಮೇಲೇರುತ್ತಿದ್ದವು. ಬಾಯಿಗಿಟ್ಟರೆ ಕಣ್ಣು ಗಂಟಲಿಗೆ. ನಾನು ನುಂಗುವಾಗ ಇವರ ಗಂಟಲೂ ಮೇಲೆ ಕೆಳಗೆ ಆಡುತ್ತಿತ್ತು. ಅದನ್ನು ಕಂಡದ್ದೇ ನನ್ನ ಗಂಟಲು ಬಿಗಿಯುತ್ತಿತ್ತು.

"ಇನ್ನೊಂದೇ ಸ್ಪೂನ್ ಕಣೇ," ಎಂದು ಇವರು.

"ಯು ಹ್ಯಾವ್ ಟು, ಅಮ್ಮಾ," ಎಂದು ಮಗಳು.

"ಕೋತಿ ಆಟ ನೋಡೋ ಹಾಗೆ ನೋಡ್ತೀರಲ್ಲ, ನೀವೂ ಊಟ ಮಾಡಿ!" ಎಂದರೆ ಇವರು "ಆಮೇಲೆ" ಎನ್ನುತ್ತಿದ್ದರು. ಮಗಳದು ಒಂದೇ ಉತ್ತರ: "ನಾಟ್ ಹಂಗ್ರಿ." ನನ್ನೆದುರು ಇಬ್ಬರೂ ಒಂದು ತುತ್ತು ಮುಟ್ಟುತ್ತಿರಲಿಲ್ಲ. ಬೆಳೆಯುವ ಹುಡುಗಿ ನನ್ನಿಂದಾಗಿ ಉಪವಾಸ ಬೀಳುತ್ತಿದ್ದಾಳಲ್ಲ ಎನಿಸುತ್ತಿತ್ತು. ಚಮಚ ಕುಕ್ಕಿ ಎದ್ದುಬಿಡುತ್ತಿದ್ದೆ. ಬಟ್ಟಲಿನಲ್ಲಿ ಮುಕ್ಕಾಲು ಹಾಗೇ ಉಳಿಯುತ್ತಿತ್ತು. ಡಾಕ್ಟರ ಬಳಿ ಹೋಗುವ ದಿನ ಹತ್ತಿರವಾಗುತ್ತಿತ್ತು, ಹಳೇ ಬಟ್ಟೆ ನಿಲ್ಲದಷ್ಟು ಸೊಂಟ ಸಣ್ಣಗಾಗಿತ್ತು.

ಒಂದು ಸಂಜೆ ಹೀಗೇ ಬಟ್ಟಲು ಬಿಟ್ಟು ಎದ್ದು ರೂಮಿಗೆ ಹೋದವಳು, ಸುಮ್ಮನೆ ಮಲಗಲಾಗದೆ ಮತ್ತೆ ಹೊರಗೆ ಬಂದೆ. ಇಬ್ಬರೂ ಕಾಣಲಿಲ್ಲ. ಹಿತ್ತಲಲ್ಲೂ ಇಲ್ಲ. ಹಾಲ್‌ನಿಂದ ಗ್ಯಾರೇಜಿಗೆ ಹೋಗುವ ಬಾಗಿಲ ಕೆಳಗೆ ಬೆಳಕು ಕಾಣಿಸಿತು. ಮೆಲ್ಲಗೆ ತೆರೆದು ನೋಡಿದೆ.

ಕಾರಿನ ಮುಂದಿನ ಸೀಟುಗಳಲ್ಲಿ ಕೂತು, ತೊಡೆಯ ಮೇಲೆ ಸ್ಟೀಲ್ ಡಬ್ಬಿ ಇಟ್ಟುಕೊಂಡು ಅಪ್ಪ ಮಗಳು ಚಿತ್ರಾನ್ನ ತಿನ್ನುತ್ತಿದ್ದರು. ವಾಸನೆ ಮನೆಯೊಳಗೆ ಬರಬಾರದೆಂದು ಗಾಜು ಏರಿಸಿದ್ದರು. ಮಗಳು ಹಪ್ಪಳವನ್ನು ಮುರಿದರೆ ಸದ್ದಾಗುತ್ತದೆಂದು ಅನ್ನದೊಳಗೆ ಒತ್ತಿ, ಮೆತ್ತಗಾಗುವವರೆಗೆ ಕಾಯುತ್ತಿದ್ದಳು.

ನನ್ನ ಮನೆಯಲ್ಲಿ ನನ್ನ ಮಗಳು ಕದ್ದು ಊಟ ಮಾಡುವುದೆ? ಸಿಟ್ಟೂ ಅಳುವೂ ಒಟ್ಟಿಗೇ ಬಂದವು. ದಡದಡನೆ ಒಳಗೆ ಹೋಗಿ ನನ್ನ ಬಟ್ಟಲು ತಂದೆ. ಹಿಂದಿನ ಬಾಗಿಲು ತೆಗೆದು ಕಾರೊಳಗೆ ಕೂತು, ಬಾಗಿಲನ್ನು ಧಡಾರನೆ ಎಳೆದುಕೊಂಡೆ. ಇಬ್ಬರೂ ಬೆಚ್ಚಿಬಿದ್ದರು. ಇವರು ಡಬ್ಬಿಯ ಮುಚ್ಚಳ ಹುಡುಕತೊಡಗಿದರು.

"ಮುಚ್ಚಿದ್ರೆ ನೋಡಿ ಮತ್ತೆ! ತೆಪ್ಪಗೆ ತಿನ್ನಿ ಇಬ್ರೂ. ಯಾರಾದ್ರೂ ಹಿಂದೆ ತಿರುಗಿದ್ರೋ, ಇಳಿದು ಹೋಗ್ತೀನಿ."

ಇಬ್ಬರೂ ಎದುರಿನ ಗೋಡೆ ನೋಡುತ್ತ ಕೂತರು. ಸ್ವಲ್ಪ ಹೊತ್ತಿಗೆ ಮಗಳು ಕಡಲೆಬೀಜ ಅಗಿಯುವ ಸದ್ದು ಕೇಳಿತು. ನಾನು ಗದ್ದ ಬಗ್ಗಿಸಿ ನುಂಗಿದೆ. ನೋವು ಎಂದಿನಷ್ಟೇ ಇತ್ತು, ಆದರೆ ಇಳಿಯಿತು. ಇನ್ನೊಂದು ಚಮಚ, ಅದೂ ಇಳಿಯಿತು.

"ಟೂ ಮಚ್ ಲೆಮನ್, ಅಪ್ಪಾ."

"ನೀನೇ ಅಲ್ವೇನೇ ಇನ್ನೊಂದು ಹಿಂಡು ಅಂದಿದ್ದು?"

"ಐ ಸೆಡ್ ಹಾಫ್!"

ನಿಂಬೆಹಣ್ಣಿನ ಮೇಲೆ ಜಗಳ ಜೋರಾಯಿತು. ಎಷ್ಟೋ ದಿನದ ಮೇಲೆ ಅವರಿಬ್ಬರೂ ನನ್ನ ಗಂಟಲನ್ನು ಮರೆತಿದ್ದರು. ಅಬ್ಬಾ, ಎಂಥ ಸುಖ! ಅವರು ಕಿತ್ತಾಡುತ್ತಿದ್ದರೆ ನಾನು ನನ್ನಷ್ಟಕ್ಕೆ ನುಂಗುತ್ತಲೇ ಇದ್ದೆ. ಕೊನೆಗೆ ಚಮಚ ಬಟ್ಟಲಿನ ತಳಕ್ಕೆ ತಾಗಿ ಕರಕರ ಎಂದಿತು. ಮುಂದಿನ ಸೀಟಿನಲ್ಲಿ ಮಾತು ನಿಂತುಹೋಯಿತು. ಯಾರೂ ತಿರುಗಲಿಲ್ಲ. ಇವರು ಗೋಡೆ ನೋಡುತ್ತಲೇ ಖಾಲಿ ಬಟ್ಟಲಿಗಾಗಿ ಕೈಯನ್ನು ಹಿಂದಕ್ಕೆ ಚಾಚಿದರು.

"ಒಳಗೆ ಇನ್ನೂ ಇದೆ. ತರ್ಲಾ?"

"ತನ್ನಿ," ಎಂದೆ.

ಡಾಕ್ಟರ ಬಳಿ ಹೋಗುವವರೆಗೂ ನಮ್ಮ ರಾತ್ರಿಯೂಟ ಕಾರಿನಲ್ಲೇ ನಡೆಯಿತು. ಆಸ್ಪತ್ರೆಯಲ್ಲಿ ನಾನು ಚಪ್ಪಲಿ ಬಿಟ್ಟು ತೂಕದ ಯಂತ್ರ ಹತ್ತಿದಾಗ ಇವರು ಗೋಡೆಯ ಕಡೆ ಮುಖ ಮಾಡಿ ನಿಂತುಬಿಟ್ಟಿದ್ದರು.

"ತಿರುಗ್ರೀ," ಎಂದೆ. "ತೂಕ ಇಳಿದಿಲ್ಲ."