‘ಇಲ್ಲ’ ಅನ್ನಲಾರದ ಹಾರೂನ

ಗೋವಾದ ಸಾಂಕೋಲೆಯ ಪಂಪಿನ ಕಾರ್ಖಾನೆಯಲ್ಲಿ ಹಾರೂನನ ಕೆಲಸವೇ ‘ಇಲ್ಲ’ ಅನ್ನುವುದು. ಕಂಪನಿಯ ಫೈಲುಗಳೆಲ್ಲ ಒಂದು ಸರ್ವರಿನಲ್ಲಿರುತ್ತವೆ. ಯಾವ ಫೋಲ್ಡರನ್ನು ಯಾರು ನೋಡಬೇಕು, ಯಾರು ತಿದ್ದಬೇಕು, ಯಾರು ಮುಟ್ಟಲೇಬಾರದು ಎಂದು ಅವನು ಕಟ್ಟುಪಾಡು ಮಾಡಬೇಕು. ಆದರೆ ಕೇಳಿ ಬಂದವರನ್ನು ಬರಿಗೈಲಿ ಕಳಿಸಬಾರದೆಂದು ತಾಯಿ ಮೆಹಬೂಬಿ ಬೆಳೆಸಿದ ಮಗ. ಇಂಥವನನ್ನು ಬಾಗಿಲು ಕಾಯಲು ಇಟ್ಟವರ ಬುದ್ಧಿಗೆ ಏನೆನ್ನಬೇಕೋ!

ಗೇಟಿನ ಕಾವಲುಗಾರ ಗೋಪಪ್ಪ ಬಂದು, “ಸುಮ್ನ ನೋಡ್ತೇನೋ ತಮ್ಮಾ, ನೋಡಿದ್ರ ಏನ್ ಸವೀತೈತಿ?” ಅಂದ. ಎಲ್ಲರ ಪಗಾರದ ಫೋಲ್ಡರ್ ಅವನಿಗೆ ತೆರೆಯಿತು. ಕ್ಯಾಂಟೀನಿನ ಚಂದ್ರಿಬಾಯಿ ಫೋನು ತುಂಬಿದೆಯೆಂದು ಮೊಮ್ಮಗನ ತೊಟ್ಟಿಲ ವಿಡಿಯೋ ಇಡಲು ಜಾಗ ಕೇಳಿದಳು. ಪಂಪಿನ ನಕ್ಷೆಗಳ ಫೋಲ್ಡರಿನಲ್ಲಿ ಕೊಟ್ಟ. ಫೋಂಡಾದ ಗಿರಾಕಿಗೆ ನಕ್ಷೆಯ ಜೊತೆ ಕೂಸೂ ಹೋಯಿತು. ಕೂಸು ಮುದ್ದಾಗಿದೆ ಎಂದು ಬರೆದ ಗಿರಾಕಿ, ಅದೇ ಪತ್ರದಲ್ಲಿ ಆರ್ಡರ್ ರದ್ದು ಮಾಡಿದ.

ಮ್ಯಾನೇಜರ್ ಕೆಂಡವಾದರು. ಶುಕ್ರವಾರದೊಳಗೆ ಫೈಲು ನೋಡಬಲ್ಲವರ ಪಟ್ಟಿಯಿಂದ ಬೇಡದವರನ್ನೆಲ್ಲ ತೆಗೆಯಬೇಕು. ತೆಗೆದರೆ ಹಾರೂನನ ನೌಕರಿ ಕಾಯಂ, ಇಲ್ಲದಿದ್ದರೆ ಸೋಮವಾರ ಗುತ್ತಿಗೆ ಮುಗಿದೊಡನೆ ಮನೆ ದಾರಿ. ವರ್ಷಗಟ್ಟಲೆ ಗುತ್ತಿಗೆಯಲ್ಲೇ ಸವೆದವನಿಗೆ ಊಟ ಸೇರಲಿಲ್ಲ.

ಕೂತಲ್ಲೇ ತೆಗೆದುಹಾಕಬಹುದಿತ್ತು. ಹೇಳದೆ ಕೇಳದೆ ತೆಗೆಯುವುದು ಮರ್ಯಾದೆಯಲ್ಲವೆಂದು ಈ ಪುಣ್ಯಾತ್ಮ ಒಬ್ಬೊಬ್ಬರ ಒಪ್ಪಿಗೆ ಕೇಳಲು ಹೊರಟ!

“ನನ್ನ ತಗೀತೀ ಏನೋ ತಮ್ಮಾ?” ಎಂದು ಗೋಪಪ್ಪ ಕಣ್ಣಲ್ಲಿ ನೀರು ತಂದ. ಚಂದ್ರಿಬಾಯಿ ಹಾರೂನನ ತಟ್ಟೆಗೆ ಇನ್ನೊಂದು ಬಂಗುಡೆ ಮೀನು ಹಾಕಿದಳು. ಕೊನೆಗೆ ಮುಲಾಜಿಲ್ಲದೆ ತೆಗೆಯಬಹುದಾದವನು ಒಬ್ಬನೇ ಉಳಿದ, ಸ್ವತಃ ಹಾರೂನ. ತೆಗೆದುಬಿಟ್ಟ.

ಮ್ಯಾನೇಜರ್ ಹೆಸರು ಓದುವ ಗೋಜಿಗೆ ಹೋಗದೆ, ಪಟ್ಟಿ ಚಿಕ್ಕದಾಯಿತೆಂದು ಮೆಚ್ಚಿದರು. ಅವನ ಕಾಯಂ ಆದೇಶವನ್ನು ಸರ್ವರಿನಲ್ಲಿಟ್ಟು, ಸೋಮವಾರ ಮಧ್ಯಾಹ್ನದೊಳಗೆ ತೆರೆದು ಒಪ್ಪಿಗೆ ಕೊಡು ಎಂದರು. ಪಟ್ಟಿಯಲ್ಲಿಲ್ಲದವರಿಗೆ ಫೈಲು ತೋರಿಸಿದವರ ಕೆಲಸ ಹೋಗುತ್ತದೆ ಎಂದು ಎಲ್ಲರಿಗೂ ಸಾರಿ, ಕಾಣಕೋಣಕ್ಕೆ ಮದುವೆಗೆ ಹೋದರು.

ಸೋಮವಾರ ಆದೇಶ ಹಾರೂನನಿಗೆ ತೆರೆಯಲಿಲ್ಲ; ಹೆಸರಿನ ಜೊತೆ ಪಟ್ಟಿ ತಿದ್ದುವ ಅಧಿಕಾರವೂ ಹೋಗಿತ್ತು. ಗೇಟಿನ ಕಂಪ್ಯೂಟರಿನ ಹತ್ತಿರ ಓಡಿದ.

“ಗೋಪಪ್ಪಣ್ಣಾ, ನನ್ನ ಆದೇಶ ಒಂದೀಟು ತಗದು ತೋರ್ಸು.”

“ನಿನ್ನ ಹೆಸರಿಲ್ಲಲ್ಲೋ ತಮ್ಮಾ. ಆಗೂದಿಲ್ಲ.”

“ಸಾಹೇಬ್ರ ಕಡಿಂದ ಬರಸ್ಕೊಂಡು ಬಾರಪ್ಪಾ,” ಎಂದಳು ಕ್ಯಾಂಟೀನಿನಲ್ಲಿ ಚಂದ್ರಿಬಾಯಿ. ಸಾಹೇಬರು ಫೋನೆತ್ತಲಿಲ್ಲ. ಅವನು ಬಾಗಿಲು ತೆರೆದುಕೊಟ್ಟವರೆಲ್ಲ ಹೀಗೇ ಅಂದರು. ಎಷ್ಟು ಸಲೀಸಾಗಿ ‘ಇಲ್ಲ’ ಅನ್ನುತ್ತಾರಲ್ಲ ಎಂದು ಹಾರೂನನಿಗೆ ಸಂಕಟವೂ ಆಯಿತು, ಹೊಟ್ಟೆಕಿಚ್ಚೂ ಆಯಿತು.

ಮಧ್ಯಾಹ್ನ ಕಳೆಯಿತು, ಗುತ್ತಿಗೆಯೂ ಮುಗಿಯಿತು. ಹೊರಗೆ ಹೊರಟವನನ್ನು ಗೋಪಪ್ಪ ಗೇಟಿನಲ್ಲಿ ತಡೆದ.

“ಕಂಪನಿ ಕಾರ್ಡ್ ಕೊಡೋ ತಮ್ಮಾ. ಬಿಟ್ರ ನನ್ನ ನೌಕ್ರಿ ಹೊಕ್ಕೈತಿ.”

ಕೇಳಿದ್ದನ್ನು ಕೊಟ್ಟ. ಗೋಪಪ್ಪನ ಕಣ್ಣು ತುಂಬಿದ್ದನ್ನು ನೋಡಲಾರದೆ, “ಹೋಗ್ಲಿ ಬಿಡಣ್ಣಾ, ನೀ ಅಳಬ್ಯಾಡ” ಎಂದು ಅವನನ್ನೇ ಸಮಾಧಾನ ಮಾಡುತ್ತ ನಿಂತ.